ಬ್ಯಾಟರಿ ಹೊಸತು, ಆದರೂ ಆನ್ ಆಗದ ಯುಪಿಎಸ್: ಉಡುಪಿಯ ಒಂದು ದುರಸ್ತಿ ಅಂಗಡಿಯ ವಿಮರ್ಶೆ

ಉಡುಪಿಯ ಸಿಟಿ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಾದ ದೂರದಲ್ಲಿ, ಹಳೆಯ ಕಟ್ಟಡವೊಂದರ ಮಾಳಿಗೆಯಲ್ಲಿ, ಯುಪಿಎಸ್ ಮತ್ತು ಇನ್ವರ್ಟರ್‌ಗಳನ್ನು ಮಾತ್ರ ದುರಸ್ತಿ ಮಾಡುವ ಚಿಕ್ಕದೊಂದು ಅಂಗಡಿಯಿದೆ. ಹೆಸರು ಬರೆಯಬಾರದೆಂದು ಯಜಮಾನರೇ ಕೇಳಿಕೊಂಡಿದ್ದಾರೆ. ಮಳೆಗಾಲದಲ್ಲಿ ಬರುವ ಕೆಲಸವನ್ನೇ ಮುಗಿಸಲು ಆಗುತ್ತಿಲ್ಲ, ಅದರ ಮೇಲೆ ಪ್ರಚಾರ ಬೇರೆ ಯಾಕೆ ಎಂಬುದು ಅವರ ವಾದ. ಹೆಸರಿಲ್ಲದ ವಿಮರ್ಶೆಯಿಂದ ಯಾರಿಗೇನು ಲಾಭ ಎಂದು ಕೇಳುವವರಿರಬಹುದು. ಅವರು ದೋಷವನ್ನು ಹುಡುಕುವ ಕ್ರಮವೇ ನನಗೆ ಇಲ್ಲಿ ಮುಖ್ಯವಾಗಿ ಹೇಳಬೇಕಾದ ವಿಷಯ. ಆ ಕ್ರಮವನ್ನು ಪಾಲಿಸುವ ಅಂಗಡಿ ಮಂಗಳೂರಿನಲ್ಲಿ ಸಿಕ್ಕರೂ ಕುಂದಾಪುರದಲ್ಲಿ ಸಿಕ್ಕರೂ ಧೈರ್ಯವಾಗಿ ಯುಪಿಎಸ್ ಒಪ್ಪಿಸಿ ಬರಬಹುದು.

ಅಂಬಲಪಾಡಿಯ ನಮ್ಮ ಮನೆಯಲ್ಲಿ ಲೆಕ್ಕಪತ್ರದ ಕೆಲಸಕ್ಕಾಗಿ ಒಂದು ಕಂಪ್ಯೂಟರ್, ಅದರ ಮಾನಿಟರ್ ಮತ್ತು ಇಂಟರ್ನೆಟ್ಟಿನ ಮೋಡೆಮ್ ಇವೆ. ಇವುಗಳಿಗೆ ಆಧಾರವಾಗಿರುವುದು 1 ಕೆವಿಎ ಸಾಮರ್ಥ್ಯದ, ಲೈನ್ ಇಂಟರಾಕ್ಟಿವ್ ಮಾದರಿಯ, ಅಂದರೆ ಕರೆಂಟಿನ ಏರಿಳಿತವನ್ನು ಬ್ಯಾಟರಿಗೆ ಹೋಗದೆ ತಾನೇ ಸರಿದೂಗಿಸುವ ಯುಪಿಎಸ್. ಅದರೊಳಗೆ 12 ವೋಲ್ಟಿನ, 7 ಆಂಪಿಯರ್ ಅವರ್ ಸಾಮರ್ಥ್ಯದ ಎರಡು ಸೀಲ್ಡ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಒಮ್ಮೆ ಆನ್ ಆಯಿತೆಂದರೆ ಸಂಜೆಯವರೆಗೂ ಅದರಿಂದ ಯಾವ ತಕರಾರೂ ಇರುತ್ತಿರಲಿಲ್ಲ, ಕರೆಂಟ್ ಹೋದಾಗ ಬ್ಯಾಟರಿಯಲ್ಲಿ ಸರಾಗವಾಗಿ ಓಡುತ್ತಿತ್ತು. ತೊಂದರೆಯೆಲ್ಲ ಬೆಳಿಗ್ಗೆ. ಸಿಡಿಲಿನ ಹೆದರಿಕೆಯಿಂದ ರಾತ್ರಿ ಪ್ಲಗ್ ಕಿತ್ತಿಡುವುದು ನಮ್ಮ ಕಡೆಯ ರೂಢಿ. ಮರುದಿನ ಪ್ಲಗ್ ಹಾಕಿ ಗುಂಡಿ ಒತ್ತಿದರೆ ಒಂದು ಬೀಪ್, ಒಳಗಿನಿಂದ ರಿಲೇಯ (ವಿದ್ಯುತ್ತಿನಿಂದಲೇ ಕೆಲಸ ಮಾಡುವ ಸ್ವಿಚ್ಚು) ಒಂದು ‘ಟಕ್’, ಹಸಿರು ದೀಪ ಒಂದು ಕ್ಷಣ ಮಿಂಚಿ ಎಲ್ಲವೂ ಸ್ತಬ್ಧ. ಬಿಡದೆ ನಾಲ್ಕಾರು ಸಲ ಒತ್ತುತ್ತಿದ್ದರೆ ಕೊನೆಗೊಮ್ಮೆ ಏನೂ ಆಗಿಯೇ ಇಲ್ಲವೆಂಬಂತೆ ಎದ್ದು ನಿಲ್ಲುತ್ತಿತ್ತು. ಮಳೆ ಹಿಡಿದ ದಿನಗಳಲ್ಲಿ ಈ ಹಠ ಇನ್ನಷ್ಟು ಹೆಚ್ಚು.

ಮೊದಲು ಅದನ್ನು ಕೊಂಡುಹೋದದ್ದು ತಯಾರಿಕಾ ಕಂಪನಿಯ ಅಧಿಕೃತ ಸೇವಾಕೇಂದ್ರಕ್ಕೆ. ಕಂಪನಿಯ ಹೆಸರು ಇಲ್ಲಿ ಬೇಡ. ಅಲ್ಲಿ ಮುಚ್ಚಳವನ್ನೂ ತೆರೆಯದೆ, ಖರೀದಿಯ ದಿನಾಂಕವನ್ನು ನೋಡಿ, ಬ್ಯಾಟರಿಯ ಆಯುಷ್ಯ ಮುಗಿದಿದೆ ಎಂದು ತೀರ್ಪು ಕೊಟ್ಟರು. ಆ ತೀರ್ಪು ಮೇಲುನೋಟಕ್ಕೆ ಅಸಮಂಜಸವೇನೂ ಅಲ್ಲ, ಏಕೆಂದರೆ ಆನ್ ಆಗದ ಯುಪಿಎಸ್‌ಗಳಲ್ಲಿ ಬಹುಪಾಲಿನ ರೋಗ ಬ್ಯಾಟರಿಯದ್ದೇ ಆಗಿರುತ್ತದೆ. ಸೀಲ್ಡ್ ಬ್ಯಾಟರಿಯ ಬಾಳಿಕೆಯನ್ನು 25 ಡಿಗ್ರಿ ಸೆಲ್ಸಿಯಸ್ ಲೆಕ್ಕದಲ್ಲಿ ಹೇಳಿರುತ್ತಾರೆ, ಅದಕ್ಕಿಂತ 10 ಡಿಗ್ರಿ ಹೆಚ್ಚಿದರೆ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಕರಾವಳಿಯ ಏಪ್ರಿಲ್ ತಿಂಗಳಲ್ಲಿ ಯುಪಿಎಸ್ ಪೆಟ್ಟಿಗೆಯ ಒಳಗೆ 35 ಡಿಗ್ರಿ ಎಂಬುದು ದೊಡ್ಡ ಸಂಗತಿಯಲ್ಲ. ಹೊಸ ಬ್ಯಾಟರಿಗಳು ಬಂದವು, ಕೆಲವು ವಾರ ಎಲ್ಲವೂ ಸರಿಹೋದಂತೆ ಕಂಡಿತು, ಬಳಿಕ ಅದೇ ಬೀಪ್, ಅದೇ ‘ಟಕ್’. ಮತ್ತೆ ಕೇಳಿದಾಗ ಈ ಮಾದರಿ ಹಳೆಯದಾಯಿತು, ವಿನಿಮಯದಲ್ಲಿ ಹೊಸದನ್ನು ಕೊಳ್ಳಿ ಎಂಬ ಸಲಹೆ ಸಿಕ್ಕಿತು. ಪರಿಚಯದವರೊಬ್ಬರು ಮಾಳಿಗೆಯ ಅಂಗಡಿಯ ದಾರಿ ತೋರಿಸಿದ್ದು ಆಗ.

ಆ ಅಂಗಡಿಯ ಮೊದಲ ಗುಣ ಫೋನಿನಲ್ಲೇ ತಿಳಿಯಿತು. ಯುಪಿಎಸ್ ಹೊತ್ತುಕೊಂಡು ಬನ್ನಿ ಎನ್ನುವ ಮೊದಲು ಯಜಮಾನರು ವಿವರವಾಗಿ ವಿಚಾರಿಸುತ್ತಾರೆ. ಕಂಪ್ಯೂಟರಿನ ಪ್ಲಗ್ಗುಗಳನ್ನೆಲ್ಲ ಕಳಚಿ, ಬರಿಯ ಯುಪಿಎಸ್ ಮಾತ್ರ ಆನ್ ಮಾಡಿ ನೋಡಿದ್ದೀರಾ? ಗುಂಡಿಯನ್ನು ಎರಡು ಮೂರು ಸೆಕೆಂಡು ಒತ್ತಿ ಹಿಡಿದಿದ್ದೀರಾ, ಅಥವಾ ಮುಟ್ಟಿ ಬಿಟ್ಟಿರಾ? ಹಿಂಬದಿಯಲ್ಲಿರುವ ಸಣ್ಣ ಬ್ರೇಕರ್ ಗುಂಡಿ ಹೊರಗೆ ಜಿಗಿದಿದೆಯೇ? ಬೇರೆ ಕೋಣೆಯ ಸಾಕೆಟ್ಟಿನಲ್ಲಿ ಹಾಕಿದರೆ ಹೇಗೆ? ಕರೆಂಟ್ ಇರುವಾಗ ಆನ್ ಆಗಿ, ಕರೆಂಟ್ ಇಲ್ಲದಾಗ ಮಾತ್ರ ಆಗುವುದಿಲ್ಲವೇ, ಅಥವಾ ಎರಡೂ ಹೊತ್ತಿನಲ್ಲಿ ಒಂದೇ ರೀತಿಯೇ? ಈ ಕೊನೆಯ ಪ್ರಶ್ನೆಗೆ ಅವರು ಬಹಳ ಬೆಲೆ ಕೊಡುತ್ತಾರೆ. ಕರೆಂಟ್ ಇದ್ದಾಗ ಸಲೀಸಾಗಿ ಏಳುವ ಯುಪಿಎಸ್ ಬ್ಯಾಟರಿಯ ಬಲದಿಂದಷ್ಟೇ ಏಳದಿದ್ದರೆ ಬ್ಯಾಟರಿ, ಅದರ ಫ್ಯೂಸ್ ಅಥವಾ ತಂತಿಯ ಕಡೆ ಸಂಶಯ ಹೋಗಬೇಕು. ಕೆಲವು ಅಗ್ಗದ ಮಾದರಿಗಳಲ್ಲಿ ಕರೆಂಟ್ ಇಲ್ಲದೆ ಆರಂಭಿಸುವ ಸೌಲಭ್ಯವೇ ಇರುವುದಿಲ್ಲ, ಅಂಥದ್ದನ್ನು ಹಾಳಾಗಿದೆ ಎಂದು ತರುವವರೂ ಇದ್ದಾರಂತೆ. ಎರಡೂ ಸ್ಥಿತಿಯಲ್ಲಿ ಒಂದೇ ಬಗೆಯ ಹಠವಿದ್ದರೆ ದೋಷ ಒಳಗಿನ ಬೋರ್ಡಿನಲ್ಲೋ ಗುಂಡಿಯಲ್ಲೋ ಇರುವ ಸಾಧ್ಯತೆ ಹೆಚ್ಚು. ನಮ್ಮದು ಎರಡನೆಯ ಜಾತಿ.

ಇನ್ನೂ ಒಂದು ಜಾತಿಯಿದೆ: ಯುಪಿಎಸ್ ಆನ್ ಆಗುತ್ತದೆ, ಆದರೆ ಕಂಪ್ಯೂಟರ್ ಹಚ್ಚಿದ ಕೂಡಲೇ ಕೂಗಿ ಆಫ್ ಆಗುತ್ತದೆ. ಇದು ಹೆಚ್ಚಾಗಿ ಹೊರೆಯ ತೊಂದರೆ. 1 ಕೆವಿಎ ಎಂದು ಬರೆದಿದ್ದರೂ ನಿಜವಾಗಿ ಹೊರುವುದು ಸಾಮಾನ್ಯವಾಗಿ 600 ವ್ಯಾಟ್ ಮಾತ್ರ. ಲೇಸರ್ ಪ್ರಿಂಟರನ್ನು ಇದಕ್ಕೆ ಜೋಡಿಸಿದವರಿಗೆ ಯಜಮಾನರು ಫೋನಿನಲ್ಲೇ ಗದರಿಸುವುದನ್ನು ಕೇಳಿದ್ದೇನೆ.

ಅಂಗಡಿಯ ಒಳಗೆ ಮೇಜಿನ ಅಂಚಿಗೆ ಒಂದು ಹಲಗೆ ಹೊಡೆದು, ಅದರ ಮೇಲೆ ಕಾರಿನ ಹೆಡ್‌ಲೈಟಿನ ಬಲ್ಬುಗಳನ್ನು ಸಾಲಾಗಿ ಕೂರಿಸಿದ್ದಾರೆ. ಒಂದೊಂದೂ 12 ವೋಲ್ಟ್, 55 ವ್ಯಾಟ್. ನಮ್ಮ ಯುಪಿಎಸ್‌ನ ಬ್ಯಾಟರಿಗಳನ್ನು ಹೊರತೆಗೆದು, ಮಲ್ಟಿಮೀಟರಿನ ಕಡ್ಡಿ ಹಿಡಿದು ಮೊದಲು ಸುಮ್ಮನೆ ಅಳೆದರು, ಒಂದೊಂದರಲ್ಲೂ 12.9 ವೋಲ್ಟ್ ಆಸುಪಾಸು ಇತ್ತು. ಅಷ್ಟಕ್ಕೆ ಬ್ಯಾಟರಿ ಚೆನ್ನಾಗಿದೆ ಎಂದು ಹೇಳುವಂತಿಲ್ಲ ಎಂಬುದೇ ಅವರ ಪಾಠದ ಮೊದಲ ಅಧ್ಯಾಯ. ಒಳಗಿನ ತಟ್ಟೆಗಳಿಗೆ ಸಲ್ಫೇಟು ಕಟ್ಟಿ ಆಂತರಿಕ ಪ್ರತಿರೋಧ ಹೆಚ್ಚಿದ ಬ್ಯಾಟರಿಯೂ ಹೊರೆಯಿಲ್ಲದಾಗ 12.6 ವೋಲ್ಟ್ ತೋರಿಸಿ ಸಭ್ಯನಂತೆ ಕೂತಿರುತ್ತದೆ, ಬಲ್ಬು ಜೋಡಿಸಿದ ಕೆಲವೇ ಸೆಕೆಂಡುಗಳಲ್ಲಿ 10 ವೋಲ್ಟಿಗಿಂತ ಕೆಳಗೆ ಕುಸಿಯುತ್ತದೆ. 55 ವ್ಯಾಟಿನ ಬಲ್ಬು ಎಳೆಯುವುದು ಐದು ಆಂಪಿಯರ್‌ಗಿಂತ ಕಡಿಮೆ. ಯುಪಿಎಸ್ ತನ್ನ ಪೂರ್ಣ ಹೊರೆಯಲ್ಲಿ ಅದೇ ಬ್ಯಾಟರಿಯಿಂದ 25 ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ. ಬಲ್ಬನ್ನೇ ತಾಳಲಾಗದ ಬ್ಯಾಟರಿ ಯುಪಿಎಸ್ಸನ್ನು ಹೇಗೆ ತಾಳೀತು? ನಮ್ಮ ಬ್ಯಾಟರಿಗಳು ಬಲ್ಬು ಉರಿಯುತ್ತಿರುವಾಗಲೂ 12.2 ವೋಲ್ಟಿನಿಂದ ಕದಲಲಿಲ್ಲ. ಬಳಿಕ ಅವನ್ನು ಮರಳಿ ಜೋಡಿಸಿ, ಕರೆಂಟ್ ಕೊಟ್ಟು, ಚಾರ್ಜ್ ಆಗುವಾಗಿನ ವೋಲ್ಟೇಜ್ ನೋಡಿದರು. ಪೂರ್ತಿ ಚಾರ್ಜ್ ಆದ ಸೀಲ್ಡ್ ಬ್ಯಾಟರಿಗೆ 13.5ರಿಂದ 13.8 ವೋಲ್ಟ್ ಸಿಗುತ್ತಿರಬೇಕು, ಎರಡಕ್ಕೆ ಸೇರಿ ಸುಮಾರು 27.4; ಅದೂ ಸರಿಯಿತ್ತು.

“ಬ್ಯಾಟರಿ, ಚಾರ್ಜರು ಎರಡೂ ಪಾಸು. ಇದನ್ನು ಇವತ್ತು ಕೊಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ, ಇಲ್ಲಿ ಇರ್ಲಿ. ರಾತ್ರಿ ಇಡೀ ಆಫ್ ಇಟ್ಟು ಬೆಳಿಗ್ಗೆ ನೋಡಿದ್ರೆ ಮಾತ್ರ ಇದರ ಬಣ್ಣ ಗೊತ್ತಾಗುದು” ಎಂದರು.

ಈ ಒಂದು ಮಾತಿಗಾಗಿಯೇ ನಾನು ಆ ಅಂಗಡಿಗೆ ಹೆಚ್ಚಿನ ಅಂಕ ಕೊಡುತ್ತೇನೆ. ಆಗಾಗ ಮಾತ್ರ ಕಾಣಿಸಿಕೊಳ್ಳುವ ದೋಷವನ್ನು ಅದು ಕಾಣಿಸಿಕೊಳ್ಳುವ ಹೊತ್ತಿನಲ್ಲೇ ಹಿಡಿಯಬೇಕು. ಸೇವಾಕೇಂದ್ರದಲ್ಲಿ ಯುಪಿಎಸ್ಸನ್ನು ಒಮ್ಮೆ ಎಬ್ಬಿಸಿ, ಅದು ಬೆಚ್ಚಗಿರುವಾಗಲೇ ಮತ್ತೆ ಮತ್ತೆ ಆಫ್ ಮಾಡಿ ಆನ್ ಮಾಡಿ, ಸರಿಯಾಗಿದೆ ಎಂದು ಮರಳಿಸಿದ್ದರು. ಬೆಚ್ಚಗಿರುವಾಗ ಅದು ಮನೆಯಲ್ಲೂ ಸರಿಯಾಗಿಯೇ ಇತ್ತಲ್ಲ. ಇಲ್ಲಿ ಮರುದಿನ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ, ಮುಚ್ಚಳ ತೆಗೆದಿಟ್ಟಿದ್ದ ಬೋರ್ಡಿನ ಐದು ವೋಲ್ಟಿನ ಬಿಂದುವಿಗೆ ಮೀಟರ್ ಸಿಕ್ಕಿಸಿಕೊಂಡೇ ಗುಂಡಿ ಒತ್ತಿದ್ದಾರೆ. ಐದಕ್ಕೆ ಏರಬೇಕಾದ ಅಂಕಿ ಮೂರೂವರೆಯ ಸುತ್ತ ತೂಗಾಡಿ ಸೊನ್ನೆಗೆ ಬಿದ್ದಿದೆ. ಯುಪಿಎಸ್‌ನ ಎಲ್ಲ ನಿರ್ಧಾರಗಳನ್ನೂ ತೆಗೆದುಕೊಳ್ಳುವ ಪುಟ್ಟ ಮೈಕ್ರೋಕಂಟ್ರೋಲರಿಗೆ ಆ ಐದು ವೋಲ್ಟ್ ಸ್ಥಿರವಾಗಿ ಸಿಗದಿದ್ದರೆ, ಅದು ಎದ್ದು, ಒಂದು ಬೀಪ್ ಹೊಡೆದು, ರಿಲೇಯನ್ನು ಎಳೆದ ಕ್ಷಣದಲ್ಲೇ ವೋಲ್ಟೇಜ್ ಇನ್ನಷ್ಟು ಇಳಿದು, ಮತ್ತೆ ಮಲಗುತ್ತದೆ. ಪ್ರತಿ ಬೆಳಿಗ್ಗೆ ನನಗೆ ಕೇಳುತ್ತಿದ್ದ ಬೀಪ್ ಮತ್ತು ‘ಟಕ್’ ಶಬ್ದಗಳ ಅರ್ಥ ಇಷ್ಟೇ.

ಆ ವೋಲ್ಟೇಜನ್ನು ಹಿಡಿದು ನಿಲ್ಲಿಸಬೇಕಾದ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ (ವಿದ್ಯುತ್ತನ್ನು ಸ್ವಲ್ಪ ಹೊತ್ತು ಕೂಡಿಟ್ಟುಕೊಳ್ಳುವ, ಒಳಗೆ ದ್ರವವಿರುವ ಪುಟ್ಟ ಬಿಡಿಭಾಗ) ಮೇಲೆ ಅವರ ಸಂಶಯ ಹೋಯಿತು. ನಾನು ಹೋಗುವಾಗ ಅದರ ಪರೀಕ್ಷೆ ನಡೆದಿತ್ತು: ತಲೆಗೂದಲು ಒಣಗಿಸುವ ಹೇರ್ ಡ್ರೈಯರನ್ನು ಆ ಕೆಪಾಸಿಟರಿನ ಮೇಲೆ ಅರ್ಧ ನಿಮಿಷ ಹಿಡಿದರು, ಗುಂಡಿ ಒತ್ತಿದರು, ಯುಪಿಎಸ್ ಮೊದಲ ಒತ್ತಿಗೇ ಎದ್ದಿತು. ಆಫ್ ಮಾಡಿ, ಫ್ಯಾನಿನಡಿ ತಣ್ಣಗಾಗಲು ಬಿಟ್ಟು ಮತ್ತೆ ಒತ್ತಿದರೆ, ಬೀಪ್, ‘ಟಕ್’, ನಿಶ್ಶಬ್ದ. ಒಳಗಿನ ದ್ರವ ಒಣಗುತ್ತ ಬಂದ ಕೆಪಾಸಿಟರಿನ ಪ್ರತಿರೋಧ ತಣ್ಣಗಿದ್ದಾಗ ಹೆಚ್ಚಾಗಿದ್ದು, ಬಿಸಿಯಾದಂತೆ ಕಡಿಮೆಯಾಗುತ್ತದೆ. ನಾಲ್ಕಾರು ಸಲ ಒತ್ತಿದಾಗ ಅದು ಏಳುತ್ತಿದ್ದುದು ಏಕೆಂದರೆ, ಒಂದೊಂದು ಸಲ ಒತ್ತಿದಾಗಲೂ ಅದರೊಳಗೆ ಹರಿದ ವಿದ್ಯುತ್ತೇ ಅದನ್ನು ಅಷ್ಟಷ್ಟು ಬೆಚ್ಚಗೆ ಮಾಡುತ್ತಿತ್ತು. ಹೊಸ ಬ್ಯಾಟರಿ ಹಾಕಿದಾಗ ಕೆಲವು ವಾರ ಸರಿಹೋದಂತೆ ಕಂಡದ್ದಕ್ಕೂ ಇದರಲ್ಲೇ ಉತ್ತರವಿದೆ: ತುಂಬಿದ ಹೊಸ ಬ್ಯಾಟರಿಯ ತುಸು ಹೆಚ್ಚಿನ ವೋಲ್ಟೇಜು ಈ ಬಲಹೀನತೆಯನ್ನು ಸ್ವಲ್ಪ ಕಾಲ ಮುಚ್ಚಿಹಾಕಿತ್ತು. ಕೆಪಾಸಿಟರನ್ನು ಕಿತ್ತು ಮೀಟರಿಗೆ ಹಿಡಿದಾಗ, ಮೈಮೇಲೆ 470 ಮೈಕ್ರೋಫ್ಯಾರಡ್ ಎಂದು ಬರೆದಿದ್ದರೂ ಉಳಿದಿದ್ದುದು ಅದರ ಕಾಲುಭಾಗ. ನೆತ್ತಿ ಉಬ್ಬಿರಲಿಲ್ಲ, ಏನೂ ಸೋರಿರಲಿಲ್ಲ, ಕಣ್ಣಿಗೆ ಹೊಚ್ಚಹೊಸದರಂತೆಯೇ ಇತ್ತು.

ಅದರ ಮೇಲಿದ್ದ ಇನ್ನೊಂದು ಅಂಕಿಯನ್ನೂ ಅವರು ತೋರಿಸಿದರು: 85 ಡಿಗ್ರಿ. ಇಂಥ ಕೆಪಾಸಿಟರ್‌ಗಳಿಗೆ ಅವುಗಳ ಗರಿಷ್ಠ ಉಷ್ಣತೆಯಲ್ಲಿ ಸಾಮಾನ್ಯವಾಗಿ 2000 ಗಂಟೆಗಳ ಆಯುಷ್ಯವೆಂದು ಲೆಕ್ಕ, ಅದಕ್ಕಿಂತ ಪ್ರತಿ 10 ಡಿಗ್ರಿ ಕಡಿಮೆಯಾದಂತೆ ಆಯುಷ್ಯ ಇಮ್ಮಡಿ. ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲಿ 55 ಡಿಗ್ರಿಯ ಬಿಸಿ ಇದೆಯೆಂದಿಟ್ಟುಕೊಂಡರೆ, 85 ಡಿಗ್ರಿಯದ್ದು 16,000 ಗಂಟೆ ಬಾಳುತ್ತದೆ, ಹಗಲೂ ರಾತ್ರಿ ನಡೆಸಿದರೆ ಎರಡು ವರ್ಷವೂ ಆಗುವುದಿಲ್ಲ. ಅದೇ ಜಾಗದಲ್ಲಿ 105 ಡಿಗ್ರಿಯದ್ದನ್ನು ಹಾಕಿದರೆ ಲೆಕ್ಕ 64,000 ಗಂಟೆಗೆ, ಅಂದರೆ ಏಳು ವರ್ಷದ ಆಚೆಗೆ ಹೋಗುತ್ತದೆ. ಎರಡರ ಬೆಲೆಯಲ್ಲಿ ವ್ಯತ್ಯಾಸ ಕೆಲವೇ ರೂಪಾಯಿ. ತಯಾರಕರು ಯಾವ ಲೆಕ್ಕಾಚಾರದಿಂದ ಅಗ್ಗದ್ದನ್ನು ಆರಿಸಿದರೆಂದು ಊಹಿಸುವುದು ಕಷ್ಟವೇನಲ್ಲ, ವಾರಂಟಿಯ ಅವಧಿಯನ್ನು ನೋಡಿದರೆ ಸಾಕು.

ಕೆಪಾಸಿಟರ್ ಬದಲಿಸಿದ ಮೇಲೂ ಯುಪಿಎಸ್ಸನ್ನು ಒಪ್ಪಿಸಲಿಲ್ಲ. ಮಳೆಯ ದಿನ ತೊಂದರೆ ಏಕೆ ಹೆಚ್ಚುತ್ತಿತ್ತು ಎಂಬ ಪ್ರಶ್ನೆಗೆ ಕೆಪಾಸಿಟರ್ ಪೂರ್ತಿ ಉತ್ತರವಾಗುವುದಿಲ್ಲ ಎಂದು ಹುಡುಕಾಟ ಮುಂದುವರಿಸಿದರು. ಮುಂಭಾಗದ ಗುಂಡಿಯ ಹಿಂದಿರುವ ಸಣ್ಣ ಸ್ವಿಚ್ಚನ್ನು ಒತ್ತಿ ಹಿಡಿದು ಅಳೆದಾಗ, ಒಂದು ಓಮ್ ಕೂಡ ಇರಬಾರದ ಜಾಗದಲ್ಲಿ ಒಮ್ಮೆ ಇನ್ನೂರು, ಒಮ್ಮೆ ಎಂಟುನೂರು ಓಮ್ ಕಾಣಿಸಿತು; ಉಪ್ಪುಗಾಳಿಗೆ ಅದರ ಸಂಪರ್ಕ ಕಪ್ಪಾಗಿತ್ತು. ಮಲ್ಪೆಯ ಕಡಲು ಇಲ್ಲಿಗೆ ಕೂಗಳತೆಯಲ್ಲಿದೆ, ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರಿದು, ಇಲ್ಲಿ ತಾಮ್ರ ಹಿತ್ತಾಳೆಗಳು ಬಯಲುಸೀಮೆಯಲ್ಲಿ ಬಾಳಿದಂತೆ ಬಾಳುವುದಿಲ್ಲ. ಬ್ಯಾಟರಿಯ ಟರ್ಮಿನಲ್ಲಿಗೆ ಸಿಕ್ಕಿಸುವ ತಗಡಿನ ಕ್ಲಿಪ್ಪುಗಳಲ್ಲಿ ಒಂದು ಸಡಿಲವಾಗಿ ಅಂಚಿನಲ್ಲಿ ಹಸಿರು ಕಿಲುಬು ಹಿಡಿದಿತ್ತು; ಅದನ್ನು ಕೆರೆದು, ಇಕ್ಕಳದಿಂದ ತುಸು ಒತ್ತಿ ಬಿಗಿ ಮಾಡಿದರು. ಬೋರ್ಡಿನ ಮೇಲೆ ಧೂಳು ಮತ್ತು ಉಪ್ಪು ಸೇರಿ ಕಟ್ಟಿದ ಪದರ ಒಣಗಿದ್ದಾಗ ನಿರುಪದ್ರವಿ, ತೇವ ಹೀರಿದಾಗ ಅದರ ಮೂಲಕವೇ ಅಲ್ಪಸ್ವಲ್ಪ ವಿದ್ಯುತ್ ಸೋರಿ ವೋಲ್ಟೇಜ್ ಅಳೆಯುವ ಬೋರ್ಡಿನ ಸೂಕ್ಷ್ಮ ತಾಮ್ರದ ಗೆರೆಗಳನ್ನು ದಾರಿ ತಪ್ಪಿಸುತ್ತದೆ. ಆ ಪದರವನ್ನು ಐಸೋಪ್ರೊಪೈಲ್ ಆಲ್ಕೊಹಾಲ್ ಹಾಕಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತೆಗೆದರು. ಟ್ರಾನ್ಸ್‌ಫಾರ್ಮರಿನ ಹಿಂದೆ ಹಲ್ಲಿಯ ಮೊಟ್ಟೆಯ ಎರಡು ಒಡೆದ ಚಿಪ್ಪುಗಳೂ ಸಿಕ್ಕಿದವು. ನಮ್ಮ ಪುಣ್ಯಕ್ಕೆ ಹಲ್ಲಿಮರಿಗಳು ಹೊರಬರುವ ದಾರಿಯಲ್ಲಿ ಬೋರ್ಡಿನ ಮೇಲೆ ಹಾದಿರಲಿಲ್ಲ. ಹಾಗೆ ಹಾದು, ಎರಡು ಬಿಂದುಗಳ ನಡುವೆ ತಾನೂ ಸುಟ್ಟು ಬೋರ್ಡನ್ನೂ ಸುಟ್ಟ ಹಲ್ಲಿಯೊಂದರ ಅವಶೇಷವನ್ನು ಅವರು ಗಾಜಿನ ಬಾಟಲಿಯಲ್ಲಿ ಇಟ್ಟುಕೊಂಡಿದ್ದಾರೆ.

ಒಂದು ದೋಷ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸದೆ, ಒಂದನ್ನು ಸರಿಪಡಿಸಿ, ಒಂದು ರಾತ್ರಿ ತಣ್ಣಗಾಗಲು ಬಿಟ್ಟು, ಮತ್ತೆ ಪರೀಕ್ಷಿಸಿ, ಆಮೇಲೆ ಮುಂದಿನದಕ್ಕೆ ಕೈ ಹಾಕುವ ಈ ನಿಧಾನವೇ ಅಂಗಡಿಯ ಬಂಡವಾಳ. ಗ್ರಾಹಕರ ಪಾಲಿಗೆ ಅದೇ ದೊಡ್ಡ ಅನನುಕೂಲವೂ ಹೌದು. ಯುಪಿಎಸ್ ನನ್ನ ಕೈಗೆ ಬರುವಾಗ ವಾರ ದಾಟಿತ್ತು. ಬದಲಿಗೆ ತಾತ್ಕಾಲಿಕವಾಗಿ ಬೇರೊಂದನ್ನು ಕೊಡುವ ಪದ್ಧತಿ ಅವರಲ್ಲಿಲ್ಲ. ಕೇಳದಿದ್ದರೆ ಬಿಲ್ ಬರೆಯುವುದಿಲ್ಲ, ಕೇಳಿದರೆ ಬರೆದು ಸಹಿ ಹಾಕಿ ಕೊಡುತ್ತಾರೆ. ಕೆಲಸದ ಮೇಲೆ ಮೂರು ತಿಂಗಳ ಭರವಸೆಯಿದೆ. ನಾನು ತೆತ್ತದ್ದು ಒಂದು ಹೊಸ ಬ್ಯಾಟರಿಯ ಬೆಲೆಗಿಂತಲೂ ಕಡಿಮೆ, ಅದರಲ್ಲಿ ಬಿಡಿಭಾಗಗಳ ಪಾಲು ನೂರು ರೂಪಾಯಿಯೂ ಇರಲಿಲ್ಲ. ಮಧ್ಯಾಹ್ನದ ಹೊತ್ತು ಫೋನ್ ಎತ್ತುವುದಿಲ್ಲ. ಮಾಳಿಗೆಯ ಮೆಟ್ಟಿಲು ಕಡಿದಾಗಿದೆ, ಎರಡು ಬ್ಯಾಟರಿಗಳಿರುವ ಯುಪಿಎಸ್ ಹತ್ತು ಕಿಲೋಗ್ರಾಮಿನ ಆಸುಪಾಸು ತೂಗುತ್ತದೆ, ವಯಸ್ಸಾದವರು ಜೊತೆಗೊಬ್ಬರನ್ನು ಕರೆದುಕೊಂಡು ಹೋಗುವುದು ಒಳ್ಳೆಯದು. ಸಿಡಿಲು ಹೊಡೆದು ಕಂಟ್ರೋಲರ್ ಚಿಪ್ಪೇ ಸುಟ್ಟಿದ್ದರೆ ಅವರು ಮುಟ್ಟುವುದಿಲ್ಲ, ಆಸ್ಪತ್ರೆ ಬ್ಯಾಂಕುಗಳಲ್ಲಿರುವ, ಸದಾ ಇನ್ವರ್ಟರಿನ ಮೂಲಕವೇ ಕರೆಂಟ್ ಕೊಡುವ ದೊಡ್ಡ ಆನ್‌ಲೈನ್ ಯುಪಿಎಸ್‌ಗಳನ್ನೂ ತೆಗೆದುಕೊಳ್ಳುವುದಿಲ್ಲ. ಅವುಗಳಿಗೆ ಮಂಗಳೂರೇ ಗತಿ.

ಮನೆಯ ದೊಡ್ಡ ಇನ್ವರ್ಟರ್‌ಗಳ ಕೆಲಸವೂ ಅಲ್ಲಿ ನಡೆಯುತ್ತದೆ. ಟ್ಯೂಬುಲರ್ ಬ್ಯಾಟರಿಯ ಟರ್ಮಿನಲ್ಲಿನಲ್ಲಿ ಬಿಳಿ ಹೂವಿನಂತೆ ಕಟ್ಟುವ ಕಿಟ್ಟವನ್ನು ಬಿಸಿನೀರಿನಿಂದ ತೊಳೆದು, ಒಣಗಿಸಿ, ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಕು; ನಮ್ಮ ಕಡೆ ಕೆಲವರು ತೆಂಗಿನೆಣ್ಣೆ ಹಚ್ಚಿ ತರುತ್ತಾರಂತೆ.

ಇನ್ನು ಯುಪಿಎಸ್ ಬಗ್ಗೆ, ಅದೂ ವಿಮರ್ಶೆಗೆ ಒಳಗಾಗಲೇಬೇಕು. ಬ್ಯಾಟರಿ ಎಲ್ಲೆಡೆ ಸಿಗುವ ಸಾಮಾನ್ಯ ಅಳತೆಯದ್ದು, 151 ಮಿಲಿಮೀಟರ್ ಉದ್ದ, 65 ಅಗಲ, ಹಾಗಾಗಿ ಯಾವ ಕಂಪನಿಯದ್ದಾದರೂ ಕೂರುತ್ತದೆ. ಹಿಂಬದಿಯಲ್ಲಿ ಗಾಜಿನ ಫ್ಯೂಸಿನ ಬದಲು ಒತ್ತಿ ಮರಳಿಸಬಹುದಾದ ಬ್ರೇಕರ್ ಇದೆ. ವೋಲ್ಟೇಜ್ ತೀರ ಇಳಿದ ಸಂಜೆಗಳಲ್ಲೂ ಬ್ಯಾಟರಿಗೆ ಹೋಗದೆ ತಾನೇ ಸರಿದೂಗಿಸಿಕೊಳ್ಳುತ್ತದೆ. ಇವು ಒಳ್ಳೆಯ ಗುಣಗಳು. ಆದರೆ ಮುಂಭಾಗದ ಸ್ವಿಚ್ಚಿಗೆ ತೇವ ತಡೆಯುವ ರಬ್ಬರಿನ ಹೊದಿಕೆಯಿಲ್ಲ, ಹಲ್ಲಿ ನುಗ್ಗುವಷ್ಟು ಅಗಲದ ಗಾಳಿಕಿಂಡಿಗಳಿಗೆ ಜಾಲರಿಯಿಲ್ಲ, ಬ್ಯಾಟರಿ ಬಳಲಿದಾಗಲೂ ಹೊರೆ ಹೆಚ್ಚಾದಾಗಲೂ ಆರಂಭವೇ ಆಗದಿದ್ದಾಗಲೂ ಒಂದೇ ದೀಪ ಒಂದೇ ರೀತಿ ಮಿನುಗುತ್ತದೆ. ದೋಷ ಯಾವುದೆಂದು ಬಳಸುವವರಿಗೆ ತಿಳಿಸುವ ಇನ್ನೆರಡು ದೀಪಗಳನ್ನು ಇಟ್ಟಿದ್ದರೆ ನನ್ನ ಎರಡು ಒಳ್ಳೆಯ ಬ್ಯಾಟರಿಗಳ ಹಣ ಉಳಿಯುತ್ತಿತ್ತೇನೋ. ಮುಂದಿನ ಸಲ ಕೊಳ್ಳುವಾಗ ನಾನು ಇದೇ ಮಾದರಿಯನ್ನು ಕೊಳ್ಳುವುದಿಲ್ಲ, ಆದರೆ ಈಗಿರುವುದನ್ನು ಎಸೆಯುವ ಕಾರಣವೂ ಕಾಣುತ್ತಿಲ್ಲ. ಇಡೀ ಮಳೆಗಾಲ ಅದು ಮೊದಲ ಒತ್ತಿಗೇ ಆನ್ ಆಗಿದೆ.

ಮುಚ್ಚಳ ತೆರೆಯುವ ಕೆಲಸವನ್ನು ಮನೆಯಲ್ಲಿ ಮಾಡಬೇಡಿ. ಗೋಡೆಯ ಪ್ಲಗ್ ಕಿತ್ತಿದ್ದರೂ ಬ್ಯಾಟರಿಯ ಬಲದಿಂದ ಒಳಗೆ 230 ವೋಲ್ಟ್ ಹುಟ್ಟಬಲ್ಲದು, ಆಫ್ ಮಾಡಿದ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಬ್ಯಾಟರಿ ನಿಜಕ್ಕೂ ಸತ್ತಿದ್ದರೆ ಹಳೆಯದನ್ನು ಗುಜರಿಗೆ ಹಾಕದೆ ಅಂಗಡಿಗೇ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದು ಮರುಬಳಕೆಯ ದಾರಿಗೇ ಹೋಗಬೇಕು, ಸೀಸದ ತೂಕಕ್ಕೆ ಸ್ವಲ್ಪ ಹಣವನ್ನೂ ಹೊಸದರ ಬೆಲೆಯಲ್ಲಿ ಕಳೆಯುತ್ತಾರೆ. ದುರಸ್ತಿಗೆ ಒಯ್ಯುವಾಗ ಭಾರ ಕಡಿಮೆ ಮಾಡಲೆಂದು ಬ್ಯಾಟರಿ ಕಳಚಿಟ್ಟು ಹೋದರೆ ಅವರು ಪರೀಕ್ಷೆಯನ್ನು ಆರಂಭಿಸುವುದೇ ಇಲ್ಲ. ಪವರ್ ಕಾರ್ಡನ್ನೂ ಜೊತೆಗೆ ಒಯ್ಯಿರಿ, ಎಷ್ಟು ಹೊತ್ತು ಆಫ್ ಇದ್ದ ಬಳಿಕ ತೊಂದರೆ ಕೊಡುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಅಂಟಿಸಿ. ಶನಿವಾರ ಮಧ್ಯಾಹ್ನದ ಮೇಲೆ ಅಂಗಡಿ ತೆರೆದಿರುವುದಿಲ್ಲ.